ಪದಚರ್ಚೆ: ‘ಶಕ್ತಿ ಸಂರಕ್ಷಣೆ’ಗೆ ಬೇರೆ ಪದ ಬೇಕು, ಇವತ್ತೇ

ಹಾಸನದಿಂದ:
ಎಲ್ಲರಿಗೂ ನಮಸ್ಕಾರ. ಪಿಯುಸಿ ಮಕ್ಕಳ ಲೆಕ್ಕದ ಹಾಳೆ ನಾಳೆ ಬೆಳಗ್ಗೆ ಜೆರಾಕ್ಸಿಗೆ ಹೋಗಬೇಕು. ಮೊದಲ ಲೆಕ್ಕ ಇದು: ಘರ್ಷಣೆ ಇಲ್ಲದ ನೆಲದ ಮೇಲೆ 2 ಕೆಜಿಯ ಮರದ ತುಂಡು ಸೆಕೆಂಡಿಗೆ 3 ಮೀಟರ್ ವೇಗದಲ್ಲಿ ಬಂದು ಸ್ಪ್ರಿಂಗಿಗೆ ಗುದ್ದುತ್ತದೆ. ಸ್ಪ್ರಿಂಗಿನ ಸ್ಥಿರಾಂಕ, ಅಂದರೆ ಅದರ ಬಿಗಿತ, ಮೀಟರಿಗೆ 200 ನ್ಯೂಟನ್. 9 ಜೂಲ್ ಚಲನ ಶಕ್ತಿ ಪೂರ್ತಿ ಸ್ಪ್ರಿಂಗಿಗೆ ಹೋಗುತ್ತದೆ, ಅದು 30 ಸೆಂ.ಮೀ. ಕುಗ್ಗುತ್ತದೆ. ಇದನ್ನು ಪಠ್ಯದಂತೆ ‘ಶಕ್ತಿ ಸಂರಕ್ಷಣೆ’ (ಕನ್ಸರ್ವೇಶನ್ ಆಫ್ ಎನರ್ಜಿ) ಅಂದರೆ ಮಕ್ಕಳಿಗೆ ಲೈಟ್ ಆರಿಸಿ ಕರೆಂಟ್ ಉಳಿಸುವುದು ನೆನಪಾಗುತ್ತದೆ. ಕಳೆದ ವಾರ ಒಬ್ಬಳು ಕೇಳಿಯೇಬಿಟ್ಟಳು, “ಸಾರ್, ಇಲ್ಲಿ ಶಕ್ತಿ ಉಳಿಸಿದ್ದು ಯಾರು?” ‘ನಿತ್ಯತೆ’ ಆಗಬಹುದಾ?

ಚಿಕ್ಕಮಗಳೂರಿನಿಂದ:
ಆಗದು. ನಿತ್ಯ ಅಂದರೆ ಜನಕ್ಕೆ ದಿನಾ ಅಂತ. ನಿತ್ಯ ಪೂಜೆ, ನಿತ್ಯ ಹಾಲು. ಇನ್ನು ಸಂರಕ್ಷಣೆಯ ಬೇರು ‘ರಕ್ಷ್’, ಅಂದರೆ ಕಾಯುವುದು. ಇಲ್ಲಿ ಯಾರೂ ಏನನ್ನೂ ಕಾಯುತ್ತಿಲ್ಲ. ಎರಡೂ ಬಿಡಿ, ‘ಕಸುವಿನ ಉಳಿವು’ ಅನ್ನಿ. ‘ಸ್ಪ್ರಿಂಗ್’ ಯಾಕೆ? ‘ಸುರುಳಿ’ ಇದೆಯಲ್ಲ. ಎಷ್ಟು ಅಂತ ಸಾಲ ತರುತ್ತೀರಿ?

ಹಾಸನದಿಂದ:
ಸಾರ್, ಸುರುಳಿ ಬರೀ ಆಕಾರದ ಹೆಸರು. ಸೊಳ್ಳೆ ಬತ್ತಿಯೂ ಸುರುಳಿಯೇ, ಒತ್ತಿದರೆ ಪಟ್ಟಂತ ಮುರಿಯುತ್ತದೆ. ಪೆನ್ನು ಬಿಚ್ಚಿ ಆಡಿದ ಯಾವ ಮಗುವಿಗೂ ಸ್ಪ್ರಿಂಗ್ ಹೊಸದಲ್ಲ. ಸಾಲದ ಮಾತು ಅಂದಿರಿ, ‘ಎನರ್ಜಿ’ಯ ಬೇರೂ ಗ್ರೀಕ್. ಅದಕ್ಕೆ ಈ ವಿಜ್ಞಾನದ ಅರ್ಥ ಕೊಟ್ಟವನು ತಾಮಸ್ ಯಂಗ್, 1807ರಲ್ಲಿ.

‘ಉಳಿವು’ ನನಗೆ ಹಿಡಿಸಿತು. ಆದರೆ ಎರಡನೇ ಲೆಕ್ಕ ನೋಡಿ. ಸ್ಪ್ರಿಂಗಿನ ತುದಿಗೆ ಇನ್ನೊಂದು 1 ಕೆಜಿ ತುಂಡು ಕಟ್ಟಿದೆ. ಮೊದಲಿನ ತುಂಡು ಬಂದು ಅದಕ್ಕೆ ಗುದ್ದಿ ಅಂಟಿಕೊಳ್ಳುತ್ತದೆ. ಸಂವೇಗದ (ದ್ರವ್ಯರಾಶಿ ಗುಣಿಸು ವೇಗ) ಲೆಕ್ಕ ಹಾಕಿದರೆ ವೇಗ 2ಕ್ಕೆ ಇಳಿಯುತ್ತದೆ, ಚಲನ ಶಕ್ತಿ 6 ಜೂಲ್. ಮಿಕ್ಕ 3 ಜೂಲ್ ಬಿಸಿಯಾಗಿ, ಸದ್ದಾಗಿ ಹೋಯಿತು. ಮಕ್ಕಳು ಎಡವುವುದು ಇಲ್ಲೇ. ಶಕ್ತಿ ಉಳಿಯುತ್ತದೆ ಅಂತ 9 ಜೂಲನ್ನೂ ಸ್ಪ್ರಿಂಗಿಗೆ ಕೊಟ್ಟುಬಿಡುತ್ತಾರೆ. ಗುದ್ದುವಾಗ ಸಂವೇಗ, ಅಂಟಿದ ಮೇಲೆ ಶಕ್ತಿ ಅಂತ ಎಷ್ಟು ಸಲ ಹೇಳಿದರೂ ಆ ಪದವೇ ಅವರನ್ನು ಎಳೆಯುತ್ತದೆ.

ಅರಸೀಕೆರೆಯಿಂದ:
ಇಬ್ಬರೂ ಸುಮ್ನೆ ನಾಮಪದ ಹುಡುಕುತ್ತಿದ್ದೀರಿ. ವಾಕ್ಯ ಬರೆಯಿರಿ: ‘ಒಟ್ಟು ಶಕ್ತಿ ಹೆಚ್ಚುವುದಿಲ್ಲ, ಕಡಿಮೆಯಾಗುವುದಿಲ್ಲ.’

ಹಾಸನದಿಂದ:
ಇದನ್ನೇ ಹಾಕುತ್ತೇನೆ, ‘ಒಟ್ಟು’ ದಪ್ಪಕ್ಷರದಲ್ಲಿ. ಪರೀಕ್ಷೆಗೆ ಬೇಕಲ್ವಾ, ಪಠ್ಯದ ಪದ ಪಕ್ಕದಲ್ಲಿ ಇರಲಿ.

ಚಿಕ್ಕಮಗಳೂರಿನಿಂದ:
‘ಶಕ್ತಿ’ ಇದ್ದ ಕಡೆಯೆಲ್ಲ ‘ಕಸುವು’ ಹಾಕಿ. ನಾನು ಅದನ್ನು ಬಿಡುವುದಿಲ್ಲ.