ಸ್ಪಾದಲ್ಲಿ ಮಳೆ ಬಂದರೆ ಯಾರ ಮೇಲೆ ಕಟ್ಟೋದು? ಆಡ್ಸ್ ಅಣ್ಣನಿಗೆ ಪ್ರಶ್ನೆಗಳು

ಅಡ್ಮಿನ್: ಈ ಭಾನುವಾರ ಬೆಲ್ಜಿಯಂನ ಸ್ಪಾದಲ್ಲಿ ಫಾರ್ಮುಲಾ ಒನ್ ರೇಸು. ಮಳೆ ಬಂದರೂ ಬರಬಹುದು ಅಂತಿದ್ದಾರೆ. ನಮ್ಮ ಆಡ್ಸ್ ಅಣ್ಣ ಲಂಡನ್ನಿನ ಒಂದು ಬೆಟ್ಟಿಂಗ್ ಕಂಪನಿಯಲ್ಲಿ ಒಂಬತ್ತು ವರ್ಷ ರೇಟು ಹಾಕುತ್ತಿದ್ದವರು, ಈಗ ಜಯನಗರಕ್ಕೆ ವಾಪಸ್ ಬಂದಿದ್ದಾರೆ. ಕೇಳಿ. ಟಿಪ್ಸ್ ಮಾತ್ರ ಕೇಳಬೇಡಿ.

ಕತ್ರಿಗುಪ್ಪೆ ಹುಡುಗ: ಅಣ್ಣಾ, ಫೋನಿನಲ್ಲಿ 40% ಮಳೆ ಅಂತ ತೋರಿಸ್ತಿದೆ. ರೇಸು ಒದ್ದೆನಾ, ಒಣಾನಾ?

ಆಡ್ಸ್ ಅಣ್ಣ: ಎರಡೂ ಆಗಬಹುದು. ಸ್ಪಾ ಟ್ರ್ಯಾಕು 7 ಕಿ.ಮೀ. ಇದೆ, ಸುತ್ತ ಕಾಡು, ಗುಡ್ಡ. ಯಲಹಂಕದಲ್ಲಿ ಸುರಿಯುವಾಗ ಜಯನಗರದ ಮಹಡಿ ಮೇಲೆ ಬಟ್ಟೆ ಒಣಗುತ್ತಿರುತ್ತಲ್ಲ, ಹಾಗೆ. ಎಷ್ಟನೇ ಲ್ಯಾಪಿಗೆ, ಯಾವ ತಿರುವಿನಲ್ಲಿ ಅಂತ ಆ 40% ಹೇಳಲ್ಲ. ನಿಮ್ಮ ದುಡ್ಡು ನಿಂತಿರೋದು ಅದರ ಮೇಲೇ. 2021ರಲ್ಲಿ ರಷ್ಯಾದ ಸೋಚಿಯಲ್ಲಿ ಡ್ರೈವರ್ ನಾರಿಸ್ ಮುಂದಿದ್ದ. ಇನ್ನೇನು ಮುಗೀತು ಅನ್ನುವಾಗ ಮಳೆ. ಒಣ ಟೈರಲ್ಲೇ ಉಳಿದ, ಜಾರಿದ, ಏಳನೆಯವನಾದ. ಹ್ಯಾಮಿಲ್ಟನ್ ಟೈರು ಬದಲಿಸಿ ತನ್ನ ನೂರನೇ ಗೆಲುವು ಪಡೆದ. ಕಾರಿನೊಳಗೆ ಕೂತವನಿಗೇ ಗೊತ್ತಾಗಲಿಲ್ಲ, ಸೋಫಾ ಮೇಲೆ ಕೂತವನಿಗೆ ಹೇಗೆ ಗೊತ್ತಾಗಬೇಕು?

ಪೀಣ್ಯ ಪಂಟರ್: ಫಾರ್ವರ್ಡ್ ಬಂದಿದೆ ನೋಡಿ. "ಮಳೆ ಫಾರ್ಮುಲಾ: ಹಿಂದೆ ಸ್ಟಾರ್ಟ್ ಮಾಡೋನ ಮೇಲೆ ₹500 ಕಟ್ಟಿ. ಸೋತರೆ ಡಬಲ್ ಮಾಡಿ. 100% ಗ್ಯಾರಂಟಿ. ಹತ್ತು ಗುಂಪಿಗೆ ಕಳಿಸಿ."

ಆಡ್ಸ್ ಅಣ್ಣ: ಹತ್ತು ಗುಂಪಿಗೆ ಕಳಿಸೋ ಮೊದಲು ಒಂದು ಸಲ ಕೂಡಿ ನೋಡಿ. 500, 1,000, 2,000... ಏಳು ಸಲ ಸೋತರೆ ₹63,500 ಹೋಯ್ತು. ಎಂಟನೇ ಸಲಕ್ಕೆ ₹64,000 ಬೇಕು. ಮಳೆಯಲ್ಲಿ ಹಿಂದಿನವರು ಗೆದ್ದಿದ್ದಾರೆ, ಇಲ್ಲ ಅನ್ನಲ್ಲ. 1996ರ ಮೊನಾಕೋದಲ್ಲಿ ಪಾನಿಸ್ 14ನೇ ಜಾಗದಿಂದ, 2024ರ ಬ್ರೆಜಿಲ್‌ನಲ್ಲಿ ವರ್ಸ್ಟಾಪನ್ 17ರಿಂದ. ಅಪರೂಪ ಅಂತಲೇ ಅವು ನೆನಪಿವೆ. ಇಂಥವನ್ನು ದಯವಿಟ್ಟು ಇಲ್ಲಿ ಹಾಕಬೇಡಿ.

ಲೆಕ್ಕದ ಮೇಡಂ: ನೀವು ರೇಟು ಹೇಗೆ ಹಾಕ್ತಿದ್ರಿ ಸರ್? ಮಳೆ ಬಂದರೆ ಕಂಪನಿಗೂ ನಷ್ಟ ಆಗಬೇಕಲ್ವಾ?

ಆಡ್ಸ್ ಅಣ್ಣ: ಒಳ್ಳೇ ಪ್ರಶ್ನೆ ಮೇಡಂ. ಸೇಫ್ಟಿ ಕಾರ್ (ಟ್ರ್ಯಾಕಿನಲ್ಲಿ ಅಪಾಯ ಇದ್ದಾಗ ಮುಂದೆ ಹೋಗಿ ಎಲ್ಲರನ್ನೂ ನಿಧಾನ ಮಾಡಿಸೋ ಕಾರು) ಬರುತ್ತಾ, ಬರಲ್ವಾ ಅಂತ ಒಂದು ಬೆಟ್ ಇಟ್ಕೊಳ್ಳಿ. ಒಣ ದಿನ ಎರಡೂ ಕಡೆ 1.90 ಇರುತ್ತಿತ್ತು. ನೀವು ಬರುತ್ತೆ ಅಂತ ₹100, ನಾನು ಬರಲ್ಲ ಅಂತ ₹100. ಗೆದ್ದವರಿಗೆ ₹190, ಮಿಕ್ಕ ₹10 ಕಂಪನಿಗೆ. ಮೋಡ ಕವಿದ ದಿನ ಅದನ್ನೇ 1.75 ಮಾಡುತ್ತಿದ್ದೆವು. ಈಗ ಕಂಪನಿಗೆ ₹25. ಏನಾಗುತ್ತೋ ನಮಗೆ ಗೊತ್ತಿಲ್ಲ, ಆ ಗೊತ್ತಿಲ್ಲದ್ದಕ್ಕೂ ನಿಮ್ಮಿಂದಲೇ ಬಾಡಿಗೆ!

ಇನ್ನೊಂದು. ನನ್ನ ಮೇಜಿನ ಮೇಲೆ ಮೂರು ಸ್ಕ್ರೀನು: ಲ್ಯಾಪ್ ಟೈಮು, ಮಳೆ ರಾಡಾರು, ರೇಟು. ಎಡಗೈ ಹತ್ತಿರ ಒಂದು ಕೀ, ಒತ್ತಿದರೆ ಬೆಟ್ ಬಂದ್. ಯಾರೋ ಒಬ್ಬ ಇಂಟರ್ ಟೈರು (ಅರೆ ಒದ್ದೆ ಟ್ರ್ಯಾಕಿನ ಟೈರು) ಹಾಕಿಸೋಕೆ ಪಿಟ್ಟಿಗೆ, ಅಂದ್ರೆ ಟೈರು ಬದಲಿಸೋ ಜಾಗಕ್ಕೆ, ಹೊರಳಿದ ಅಂದ್ರೆ ಕೀ ಒತ್ತುತ್ತಿದ್ದೆ. ನಿಮ್ಮ ಮನೆ ಸ್ಟ್ರೀಮು ಟ್ರ್ಯಾಕಿಗಿಂತ ಎಷ್ಟೋ ಸೆಕೆಂಡು ಹಿಂದೆ. ನೀವು "ಅಯ್ಯೋ ಮಳೆ!" ಅಂತ ಫೋನ್ ತೆಗೆಯೋ ಹೊತ್ತಿಗೆ ರೇಟು ಬದಲಾಗಿರುತ್ತೆ.

ರಾಜಾಜಿನಗರ ರೇಸರ್: ಮಳೆ ಬಂದು ರೇಸೇ ನಡೆಯದಿದ್ದರೆ ದುಡ್ಡು ವಾಪಸ್ ತಾನೆ?

ಆಡ್ಸ್ ಅಣ್ಣ: ರೇಸು ಲೆಕ್ಕಕ್ಕೆ ಬಂದರೆ ಇಲ್ಲ. 2021ರ ಸ್ಪಾ ನೋಡಿ. ಸೇಫ್ಟಿ ಕಾರ್ ಹಿಂದೆ ಮೆರವಣಿಗೆ ಹೋದರು, ಅಷ್ಟಕ್ಕೇ ಫಲಿತಾಂಶ ಕೊಟ್ಟರು. ವರ್ಸ್ಟಾಪನ್ ಮೊದಲು, ರಸೆಲ್ ಎರಡನೇದು, ಪಾಯಿಂಟು ಮಾತ್ರ ಎಂದಿನ ಅರ್ಧದಷ್ಟು.

ರಾಜಾಜಿನಗರ ರೇಸರ್: ಅದು ಗೆಲುವೇ ಅಲ್ಲ. ಒಬ್ಬನನ್ನೂ ಓವರ್‌ಟೇಕ್ ಮಾಡದೆ ಕಪ್ ಹಿಡ್ಕೊಂಡ.

ಆರೆಂಜ್ ಆರ್ಮಿ ಬನಶಂಕರಿ: ಶನಿವಾರ ಮಳೆಯಲ್ಲೇ ಪೋಲ್, ಅಂದ್ರೆ ಮೊದಲ ಸ್ಟಾರ್ಟ್ ಜಾಗ, ತಗೊಂಡಿದ್ದು ನಮ್ಮ ವರ್ಸ್ಟಾಪನ್ ಅಲ್ದೆ ಯಾರು ಗುರು? ನಿಮ್ಮವನಾ?

ರಾಜಾಜಿನಗರ ರೇಸರ್: ಆ ವರ್ಷ ಅಬುಧಾಬಿಯಲ್ಲಿ ಕೊನೇ ಲ್ಯಾಪಲ್ಲಿ ಅವನು ಚಾಂಪಿಯನ್ ಆದ ಬಗ್ಗೆನೂ ಮಾತಾಡೋಣ್ವಾ ಹಾಗಾದ್ರೆ?

ಅಡ್ಮಿನ್: ಬೇಡ.

ಆರೆಂಜ್ ಆರ್ಮಿ ಬನಶಂಕರಿ: ಮಾತಾಡೋಣ, ನಾನು ರೆಡಿ.

ಪಿಟ್‌ಲೇನ್ ಪುಟ್ಟ: ಅಣ್ಣಾ, ಚೆನ್ನೈ ಬೀದಿ ರೇಸಿಗೂ ಬೆಟ್ ಇರುತ್ತಾ?

ಪೀಣ್ಯ ಪಂಟರ್: ಮಳೆ ಬಂದರೆ ಯಾರ ಮೇಲೆ ಕಟ್ಟೋದು ಅಣ್ಣ, ಒಂದೇ ಹೆಸರು ಹೇಳಿ.

ಆಡ್ಸ್ ಅಣ್ಣ: ಮೇಲೆ ಓದಿ.

ಹೆಸರು ಬೇಡ: ಸರ್, ನನ್ನ ತಮ್ಮನಿಗೆ 24 ವರ್ಷ. ವಾಟ್ಸಾಪಿನಲ್ಲಿ ಯಾರೋ ಬೆಟ್ಟಿಂಗ್ ಐಡಿ ಕೊಟ್ಟಿದ್ದಾನೆ. ಇವನು ಮಳೆ ರೇಸಿಗೆ ಮಾತ್ರ ಕಟ್ತಾನೆ. "ಅಕ್ಕಾ, ಮಳೆ ವಿಷಯದಲ್ಲಿ ನನಗೆ ಕಣ್ಣಿದೆ" ಅಂತಾನೆ. ₹1,80,000 ಹೋಗಿದೆ, ಮೂರು ಲೋನ್ ಆಪ್, ಅಮ್ಮನ ಬಳೆ ಗಿರವಿ. ಐಡಿಯಲ್ಲಿ ಗೆದ್ದ ₹60,000 ಇದೆಯಂತೆ, ತೆಗೆಯೋಕೆ ಮೊದಲು ₹12,000 ತೆರಿಗೆ ಕಟ್ಟಬೇಕಂತೆ. ಕಟ್ಟಲಾ?

ಆಡ್ಸ್ ಅಣ್ಣ: ಕಟ್ಟಬೇಡಿ. ಒಂದು ರೂಪಾಯಿನೂ ಬೇಡ. ಆ ₹60,000 ಸ್ಕ್ರೀನ್ ಮೇಲಿನ ಅಂಕಿ ಅಷ್ಟೇ. ಗೆದ್ದ ಹಣ ಕೊಡೋಕೆ ಮೊದಲು ದುಡ್ಡು ಕೇಳಿದ ಅಂದ್ರೆ ಅವನು ಬುಕ್ಕಿಯೂ ಅಲ್ಲ, ಬರೀ ಮೋಸಗಾರ. ಚಾಟು, ಯುಪಿಐ ರಸೀದಿ ಎಲ್ಲ ಸ್ಕ್ರೀನ್‌ಶಾಟ್ ತೆಗೆದಿಟ್ಟು ಇವತ್ತೇ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ತಮ್ಮನನ್ನು ಕಳ್ಳನ ಥರ ನೋಡಬೇಡಿ. 2025ರ ಆನ್‌ಲೈನ್ ಗೇಮಿಂಗ್ ಕಾಯ್ದೆಯಲ್ಲಿ ಶಿಕ್ಷೆ ಇರೋದು ಆಡಿಸೋರಿಗೆ, ಮೂರು ವರ್ಷದವರೆಗೆ ಜೈಲು. ಆಡಿದವನಿಗಲ್ಲ. ಹೆದರಿ ಬಚ್ಚಿಡೋದು ಬೇಡ ಅಂತ ಅವನಿಗೆ ಹೇಳಿ. ಮಳೆಯ ಕಣ್ಣು ಅಂತಾನಲ್ಲ, ಗೆದ್ದ ಎರಡು ರೇಸು ಅವನಿಗೆ ಬಾಯಿಪಾಠ ಇರುತ್ತೆ, ಸೋತ ಹತ್ತರ ಹೆಸರು ಕೇಳಿ ನೋಡಿ. ಆ ಕಡೆ ಕೂತಾಗ ನಾನು ಇಂಥವರನ್ನು ದಿನಾ ನೋಡುತ್ತಿದ್ದೆ. ರಾತ್ರಿ ಸೋತು ಐದೇ ನಿಮಿಷಕ್ಕೆ ಮತ್ತೆ ದುಡ್ಡು ಹಾಕೋರು. ಕೆಲಸ ಬಿಟ್ಟಿದ್ದು ಅದಕ್ಕೇ ಅಂತಿಟ್ಕೊಳ್ಳಿ.

ಭಾನುವಾರ ಅವನನ್ನು ಒಬ್ಬನೇ ಬಿಡಬೇಡಿ. ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416, ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡು ಕೊಡಬೇಕಿಲ್ಲ. ನಿಮ್ಹಾನ್ಸ್‌ನಲ್ಲಿ ಫೋನ್ ಚಟಕ್ಕೆ ಅಂತಲೇ ಶಟ್ ಕ್ಲಿನಿಕ್ ಇದೆ, ಕರ್ಕೊಂಡು ಹೋಗಿ. ಗಿರವಿ ಚೀಟಿ ನಿಮ್ಮ ಹತ್ತಿರ ಇರಲಿ.

ಪೀಣ್ಯ ಪಂಟರ್: ಕಂಟ್ರೋಲ್ ಇಲ್ಲದವರು ಆಡಬಾರದು ಅಷ್ಟೇ.

ಲೆಕ್ಕದ ಮೇಡಂ: ಪಾಪ ಅವರು ಏನು ಕೇಳಿದ್ದಾರೆ, ನೀವು ಏನು ಹೇಳ್ತಿದ್ದೀರಿ? ಸ್ವಲ್ಪ ನಾಚಿಕೆ ಇರಲಿ.

ಪೀಣ್ಯ ಪಂಟರ್: ಕುದುರೆ ರೇಸಿಗೆ ಟರ್ಫ್ ಕ್ಲಬ್‌ನಲ್ಲಿ ರಾಜಾರೋಷವಾಗಿ ಕಟ್ಟಬಹುದು, ಕಾರಿಗೆ ಕಟ್ಟಿದರೆ ನಾಚಿಕೆನಾ?

ಆಡ್ಸ್ ಅಣ್ಣ: ಕುದುರೆ ರೇಸು ಕೌಶಲದ ಆಟ ಅಂತ 1996ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆನ್‌ಲೈನ್ ದುಡ್ಡಿನ ಆಟಕ್ಕೆ ಹೊಸ ಕಾಯ್ದೆಯಲ್ಲಿ ಕೌಶಲ, ಅದೃಷ್ಟ ಅನ್ನೋ ಭೇದವೇ ಇಲ್ಲ. ವಾದ ಬೇಕಿದ್ದರೆ ವಕೀಲರ ಹತ್ತಿರ ಹೋಗಿ.

ಪೀಣ್ಯ ಪಂಟರ್: ಒಂಬತ್ತು ವರ್ಷ ಅದೇ ದುಡ್ಡಲ್ಲಿ ಊಟ ಮಾಡಿ ಈಗ ಬುದ್ಧಿ ಹೇಳ್ತಾರೆ.

ಆಡ್ಸ್ ಅಣ್ಣ: ಹೌದು, ಮಾಡಿದ್ದೇನೆ.

ಕತ್ರಿಗುಪ್ಪೆ ಹುಡುಗ: ಅಣ್ಣಾ, ಈಗ ಫೋನಿನಲ್ಲಿ 60% ತೋರಿಸ್ತಿದೆ. ಒದ್ದೆ ಅಲ್ವಾ?

ಆಡ್ಸ್ ಅಣ್ಣ: ಮೇಲೆ ಓದಿ ಅಂದೆನಲ್ಲ. ಹೆಸರು ಬೇಡ ಅಂತ ಹಾಕಿರೋ ತಾಯಿ, 1930ಕ್ಕೆ ಫೋನ್ ಮಾಡಿದ್ರಾ? ಲೈನ್ ಸಿಗದಿದ್ದರೆ ನನಗೆ ಪರ್ಸನಲ್ ಮೆಸೇಜ್ ಹಾಕಿ, ಹನ್ನೊಂದರವರೆಗೂ ಎದ್ದಿರುತ್ತೇನೆ. ಮಿಕ್ಕವರಿಗೆ ಇವತ್ತು ಉತ್ತರ ಇಲ್ಲ.