ಆರು ದಿನ, ಸ್ಕಾಟ್ಲೆಂಡಿನ ಗುಡ್ಡ ಮತ್ತು ದ್ವೀಪ: ಹೋಗಿ ಬಂದವರು ಹೇಳಿದ್ದು

ಕಟಪಾಡಿಯಿಂದ ಪ್ರಶ್ನೆ:
ಮಗ ಗ್ಲಾಸ್ಗೋದಲ್ಲಿ ಓದುತ್ತಿದ್ದಾನೆ. ಜೂನ್ ಮೊದಲ ವಾರ ನಾವಿಬ್ಬರೂ ಅಲ್ಲಿಗೆ ಹೋಗುತ್ತಿದ್ದೇವೆ. ಸುತ್ತಾಟಕ್ಕೆ ಆರು ದಿನ. ಗ್ಲೆನ್‌ಕೋ, ಸ್ಕೈ ದ್ವೀಪ, ಸ್ಟಾಫಾ ದ್ವೀಪ, ಇನ್ವರ್ನೆಸ್ ನಗರ ಎಂದು ಮಗ ಉದ್ದದ ಪಟ್ಟಿ ಮಾಡಿಟ್ಟಿದ್ದಾನೆ. ಯಜಮಾನರಿಗೆ ಮೊಣಕಾಲು ನೋವು. ಇಬ್ಬರೂ ಸಸ್ಯಾಹಾರಿಗಳು. ಬಾಡಿಗೆ ಕಾರು ಒಳ್ಳೆಯದೋ, ರೈಲೋ? ಹೋಗಿ ಬಂದವರು ತಿಳಿಸಿ.

ಮಣಿಪಾಲದಿಂದ:
ಅಕ್ಕಾ, ಮೊದಲು ಪಟ್ಟಿಯಿಂದ ಇನ್ವರ್ನೆಸ್ ಹೊಡೆದುಹಾಕಿ. ನಾವು ಐದೇ ದಿನಗಳಲ್ಲಿ ಇಷ್ಟನ್ನೂ ಮುಗಿಸಲು ಹೊರಟೆವು. ಬೆಟ್ಟಕ್ಕಿಂತ ಹೆಚ್ಚು ನೋಡಿದ್ದು ಕಾರಿನ ವೈಪರನ್ನು. ನಕ್ಷೆಯಲ್ಲಿ ಎಲ್ಲವೂ ಹತ್ತಿರ, ರಸ್ತೆ ಮಾತ್ರ ಸರೋವರಗಳನ್ನು ಬಳಸಿ ಬಳಸಿ ಹೋಗುತ್ತದೆ. ಸ್ಕೈಯಲ್ಲಿ ಒಂದೇ ಮನೆ ಹಿಡಿದು ಮೂರು ರಾತ್ರಿ ಉಳಿಯಿರಿ. ಬೆಳಿಗ್ಗೆ ಮಂಜಿನಲ್ಲಿ ಮುಳುಗಿದ್ದ ಗುಡ್ಡ ಸಂಜೆ ಏಳಕ್ಕೆ ಇದ್ದಕ್ಕಿದ್ದಂತೆ ತೆರೆದುಕೊಳ್ಳಬಹುದು. ಜೂನ್‌ನಲ್ಲಿ ರಾತ್ರಿ ಹತ್ತಾದರೂ ಬೆಳಕಿರುತ್ತದೆ, ಕಾದರೆ ನಷ್ಟವಿಲ್ಲ.

ಎತ್ತರ ನೋಡಿ ಬೆರಗಾಗಲು ಹೋಗಬೇಡಿ. ಬ್ರಿಟನ್ನಿನಲ್ಲೇ ಎತ್ತರದ ಬೆನ್ ನೆವಿಸ್ 1,345 ಮೀಟರ್. ನಮ್ಮ ಕೊಡಚಾದ್ರಿ 1,343. ಬೆರಗು ಬೇರೆಡೆ ಇದೆ. ಘಟ್ಟದ ಕಾಡನ್ನು ಪೂರ್ತಿ ಬೋಳಿಸಿ, ಕುದುರೆಮುಖದ ಹುಲ್ಲುಗುಡ್ಡಗಳನ್ನಷ್ಟೇ ಸಮುದ್ರದ ಅಂಚಿಗೆ ತಂದಿಟ್ಟಂತೆ ಕಾಣುತ್ತದೆ.

ಕಾರು ಬೇಕೇ ಬೇಕು. ಅಲ್ಲಿಯೂ ಎಡಬದಿಯ ಸಂಚಾರ, ನಮ್ಮ ಲೈಸೆನ್ಸ್ ಒಂದು ವರ್ಷದವರೆಗೆ ನಡೆಯುತ್ತದೆ. ಕಷ್ಟವಿರುವುದು ಒಂದೇ ಗಾಡಿ ಹಿಡಿಸುವ ರಸ್ತೆಗಳಲ್ಲಿ. ಅಲ್ಲಲ್ಲಿ ಪಕ್ಕಕ್ಕೆ ಸರಿಯಲು ಜಾಗ ಬಿಟ್ಟಿರುತ್ತಾರೆ. ಆ ಜಾಗ ಎಡಕ್ಕಿದ್ದರೆ ಒಳಗೆ ಸರಿಯಬೇಕು. ಬಲಕ್ಕಿದ್ದರೆ ಅದರ ಎದುರು ನಿಂತು, ಬರುವವರನ್ನು ಅದರೊಳಗೆ ಬಿಡಬೇಕು. ನಾನು ಎದುರಿಗೆ ಕ್ಯಾರವಾನ್ ಕಂಡ ಗಾಬರಿಯಲ್ಲಿ ರಿವರ್ಸ್ ತೆಗೆದು ಹಿಂದಿನ ಚಕ್ರವನ್ನು ಚರಂಡಿಗೆ ಇಳಿಸಿದೆ. ಕುರಿ ಕಾಯುವವರೊಬ್ಬರು ಟ್ರ್ಯಾಕ್ಟರ್ ತಂದು ಎಳೆದರು. ಅವರ ನಾಯಿ ಅಷ್ಟು ಹೊತ್ತೂ ನನ್ನನ್ನೇ ನೋಡುತ್ತ ಕುಳಿತಿತ್ತು.

ಮೊಣಕಾಲಿನ ಚಿಂತೆಗೆ: ಸ್ಕೈಯ ಓಲ್ಡ್ ಮ್ಯಾನ್ ಆಫ್ ಸ್ಟಾರ್ ಎಂಬ ಬಂಡೆಯ ಬುಡದವರೆಗೆ ಏರು ಹತ್ತಬೇಕು, ಆದರೆ ರಸ್ತೆಯಿಂದಲೂ ಅದು ಕಾಣುತ್ತದೆ. ಅದೇ ದ್ವೀಪದ ಕ್ವಿರೈಂಗ್‌ನಲ್ಲಿ ರಸ್ತೆಯೇ ಕಣಿವೆಯ ತಲೆಗೆ ಏರುತ್ತದೆ. ಕಾರಿನಿಂದಿಳಿದು ನಾಲ್ಕು ಹೆಜ್ಜೆ ನಡೆದರೆ ಸಾಕು.

ಸುರತ್ಕಲ್‌ನಿಂದ:
ನನ್ನ ಮತ ರೈಲಿಗೆ. ಗ್ಲಾಸ್ಗೋದಿಂದ ಮಲೇಗ್‌ಗೆ ಐದು ಗಂಟೆಗೂ ಮಿಕ್ಕಿದ ಪ್ರಯಾಣ. ಕೊಂಕಣ ರೈಲಿನಲ್ಲಿ ಕಿಟಕಿಗೆ ಅಂಟಿಕೊಂಡು ಕುಳಿತವರಿಗೆ ಬೇಸರವಾಗುವುದಿಲ್ಲ. ಫೋರ್ಟ್ ವಿಲಿಯಂ ದಾಟಿದ ಮೇಲೆ ಎಡಬದಿಯಲ್ಲಿ ಕುಳಿತರೆ ಗ್ಲೆನ್‌ಫಿನ್ನನ್‌ನ 21 ಕಮಾನುಗಳ ಸೇತುವೆಯ ಬಾಗು ಪೂರ್ತಿ ಕಾಣುತ್ತದೆ. ಉಗಿಬಂಡಿಗೆ ಹೆಚ್ಚು ಹಣ ಸುರಿಯಬೇಡಿ. ಸಾಮಾನ್ಯ ರೈಲೂ ಅದೇ ಸೇತುವೆಯ ಮೇಲೆ ಹೋಗುತ್ತದೆ. ಮಲೇಗ್‌ನಿಂದ ಸ್ಕೈಗೆ ಫೆರ್ರಿ ಇದೆ. ದ್ವೀಪದೊಳಗೆ ಬಸ್ಸು ಕಡಿಮೆ ಎನ್ನುವುದನ್ನು ಮಾತ್ರ ಒಪ್ಪುತ್ತೇನೆ.

ಮಲ್ಪೆಯಿಂದ:
ಸ್ಟಾಫಾ ಬಿಡಬೇಡಿ ಎನ್ನುವವನು ನಾನೊಬ್ಬನೇ ಇರಬಹುದು. ನಮ್ಮ ಸೇಂಟ್ ಮೇರೀಸ್ ದ್ವೀಪದ ಕಂಬಗಲ್ಲುಗಳನ್ನು ನೋಡುತ್ತ ಬೆಳೆದವನಿಗೆ, ಅಂಥದ್ದೇ ಕಂಬಗಳು ಸಾಲಾಗಿ ನಿಂತು ಗುಹೆಯಾದದ್ದನ್ನು ಕಂಡಾಗ ಮಾತು ಹೊರಡಲಿಲ್ಲ. ಎರಡೂ ಲಾವಾ ಆರಿ, ಕುಗ್ಗಿ, ಬಿರುಕು ಬಿಟ್ಟು ಆದ ಕಂಬಗಳು. ಜೂನ್‌ನಲ್ಲಿ ಪಫಿನ್ ಹಕ್ಕಿಗಳೂ ಇರುತ್ತವೆ. ಸಮುದ್ರ ಒರಟಾದರೆ ಬೋಟು ದಡಕ್ಕೆ ಹಚ್ಚುವುದಿಲ್ಲ. ಮಳೆಗಾಲದಲ್ಲಿ ಮಲ್ಪೆಯ ಬೋಟು ನಿಲ್ಲುವುದನ್ನು ಕಂಡ ನಮಗೆ ಇದನ್ನು ವಿವರಿಸಬೇಕಿಲ್ಲ. ಸ್ಕೈಯಿಂದ ಹಿಂದಿರುಗುವಾಗ, ಸ್ಟಾಫಾ ಬೋಟು ಹತ್ತುವ ಊರಾದ ಓಬನ್‌ನಲ್ಲಿ ಉಳಿದುಕೊಂಡು ಹೋಗಿ. ಸ್ಟಾಫಾದಲ್ಲಿ ಇಳಿದ ಮೇಲೆ ಮೆಟ್ಟಿಲುಗಳು ಕಡಿದಾಗಿವೆ, ಯಜಮಾನರು ಬೋಟಿನಲ್ಲೇ ಕುಳಿತು ನೋಡುವುದು ಕ್ಷೇಮ.

ಕಾರ್ಕಳದಿಂದ:
ಕೊಡೆ ಒಯ್ಯಬೇಡಿ, ಗಾಳಿಗೆ ಮಗುಚಿಬಿಡುತ್ತದೆ. ಟೋಪಿಯಿರುವ ರೈನ್‌ಕೋಟ್ ಸಾಕು. ಗಾಳಿ ನಿಂತ ಸಂಜೆ ಮಿಜ್ ಎಂಬ ಕಣ್ಣಿಗೆ ಕಾಣದಷ್ಟು ಸಣ್ಣ ನುಸಿ ಮುತ್ತುತ್ತದೆ, ಮುಖಕ್ಕೆ ಬಲೆ ಬೇಕು. ಊಟಕ್ಕೆ ಅಡುಗೆಮನೆಯಿರುವ ವಸತಿ ಹಿಡಿಯಿರಿ. ಕುಕ್ಕರ್ ಮಗನದು, ಉಪ್ಪಿನಕಾಯಿ ನಿಮ್ಮದು.

ಕಟಪಾಡಿಯಿಂದ ಮತ್ತೆ:
ಎಲ್ಲರಿಗೂ ಧನ್ಯವಾದ. ಇನ್ವರ್ನೆಸ್ ಬಿಡಲು ಮಗ ಒಪ್ಪಿದ. ಕೊಡೆ ಬಿಡಲು ಯಜಮಾನರು ಇನ್ನೂ ಒಪ್ಪಿಲ್ಲ.