ಸೈನ್ ಟೋನ್ ತೂಗಾಡುತ್ತಿದೆ, ತಪ್ಪು ಎಲ್ಲಿ?

ಜೀರುಂಡೆ:
ರಾತ್ರಿ ಹುಳುಗಳ ಸದ್ದನ್ನು ಹತ್ತು ನಿಮಿಷ ರೆಕಾರ್ಡ್ ಮಾಡಿ ತಂದೆ. ಅದರ ಕೆಳಗೆ 92.5 ಹರ್ಟ್ಸ್‌ನ ಸೈನ್ ಟೋನ್ (ಒಂದೇ ಕಂಪನದ ಶುದ್ಧ ಸ್ವರ) ಒಂದನ್ನು ಸಣ್ಣಗೆ ಇಟ್ಟಿದ್ದೇನೆ. ಟೋನ್ ಒಂದೇ ಕೇಳಿದರೆ ಗೆರೆ ಎಳೆದ ಹಾಗೆ ನೇರ. ರೆಕಾರ್ಡಿಂಗ್ ಒಂದೇ ಕೇಳಿದರೂ ತೊಂದರೆಯಿಲ್ಲ. ಎರಡೂ ಸೇರಿದರೆ ವೋಂ... ವೋಂ... ಅಂತ ತೂಗುತ್ತದೆ, ಸುಮಾರು ಒಂದೂವರೆ ಸೆಕೆಂಡಿಗೊಮ್ಮೆ. ಕಂಪ್ರೆಸರ್ ತೆಗೆದೆ, ರಿವರ್ಬ್ ತೆಗೆದೆ, ಸಾಫ್ಟ್‌ವೇರನ್ನೇ ಮತ್ತೆ ಇನ್‌ಸ್ಟಾಲ್ ಮಾಡಿದೆ. ಉಹೂಂ.

ಪಕ್ಕವಾದ್ಯ:
ಫೇಸ್ ಸಮಸ್ಯೆ, ಅಂದರೆ ಎರಡು ಅಲೆಗಳ ಏರಿಳಿತ ಹೊಂದದೆ ಇರಬೇಕು. ಒಂದು ಟ್ರ್ಯಾಕಿನ ಪೋಲಾರಿಟಿ ತಿರುಗಿಸಿ (ಅಲೆಯನ್ನು ತಲೆಕೆಳಗು ಮಾಡಿ) ನೋಡಿ.

ಜೀರುಂಡೆ:
ನೋಡಿದೆ. ಜೋರಾಗುತ್ತಿದ್ದ ಜಾಗದಲ್ಲಿ ಈಗ ಮೆತ್ತಗಾಗುತ್ತದೆ, ಅಷ್ಟೇ.

ಹಳೇ ಟೇಪು:
ಅದು ಬೀಟ್. ಎರಡು ಸ್ವರ ಹತ್ತಿರ ಹತ್ತಿರ ಇದ್ದರೆ, ಎಷ್ಟು ಹರ್ಟ್ಸ್ ವ್ಯತ್ಯಾಸವೋ ಸೆಕೆಂಡಿಗೆ ಅಷ್ಟು ಸಲ ಸದ್ದು ಉಬ್ಬಿ ಇಳಿಯುತ್ತದೆ. ತಂಬೂರಿಯ ಸಾರಣಿ ತಂತಿಗಳು ಸರಿಯಾಗಿ ಕೂಡದಿದ್ದರೆ ಕೇಳುತ್ತದಲ್ಲ, ಅದೇ. ನಿಮ್ಮ ರೆಕಾರ್ಡಿಂಗಿನಲ್ಲೂ ಒಂದು ಸ್ವರ ಅಡಗಿ ಕೂತಿದೆ. ಸ್ಪೆಕ್ಟ್ರಮ್ (ಯಾವ ಹರ್ಟ್ಸ್‌ನಲ್ಲಿ ಎಷ್ಟು ಸದ್ದಿದೆ ಎಂದು ತೋರಿಸುವ ಚಿತ್ರ) ತೆರೆದು 300 ಹರ್ಟ್ಸ್‌ಗಿಂತ ಕೆಳಗೆ ನೋಡಿ. ಹತ್ತಿರ ಟ್ರಾನ್ಸ್‌ಫಾರ್ಮರ್ ಇತ್ತಾ?

ಜೀರುಂಡೆ:
ಇತ್ತು, ಸ್ವಲ್ಪ ದೂರದಲ್ಲಿ. ಆದರೆ ಗೆರೆ ಕಾಣುತ್ತಿರುವುದು 92ರ ಹತ್ತಿರ. ಕರೆಂಟ್ 50 ಹರ್ಟ್ಸ್ ಆದರೆ ಟ್ರಾನ್ಸ್‌ಫಾರ್ಮರಿನ ಗುಂಯ್ 100ರಲ್ಲಿರಬೇಕು ಅಲ್ವಾ?

ಹಳೇ ಟೇಪು:
ಸಿಕ್ಕಿಬಿದ್ದ ಕಳ್ಳ! ಸ್ಯಾಂಪಲ್ ರೇಟ್, ಅಂದರೆ ಸೆಕೆಂಡಿಗೆ ಎಷ್ಟು ಸಲ ಸದ್ದನ್ನು ಅಳೆಯುತ್ತದೆ ಅನ್ನುವುದು, ರೆಕಾರ್ಡರಿನಲ್ಲಿ 48 ಕಿಲೋಹರ್ಟ್ಸ್, ಪ್ರಾಜೆಕ್ಟಿನಲ್ಲಿ 44.1 ಇರಬೇಕು. ಫೈಲ್ ಕನ್ವರ್ಟ್ ಆಗದೆ ನಿಧಾನವಾಗಿ ಓಡುತ್ತಿದೆ. 100 × 44.1 ÷ 48 = 91.9. ನಿಮ್ಮ 92.5ಕ್ಕೂ ಅದಕ್ಕೂ 0.6 ವ್ಯತ್ಯಾಸ, ಅದೇ ಆ ಒಂದೂವರೆ ಸೆಕೆಂಡು. ಹತ್ತು ನಿಮಿಷದ ಫೈಲ್ 10:53 ತೋರಿಸುತ್ತಿದೆಯಾ ನೋಡಿ. ಪಾಪ, ಹುಳುಗಳೂ ಒಂದೂವರೆ ಸೆಮಿಟೋನ್ ಕೆಳಗೆ ಹಾಡುತ್ತಿವೆ.

ಸರಿ ಮಾಡಿದ ಮೇಲೂ ಗುಂಯ್ ಬೇಡ ಅನ್ನಿಸಿದರೆ 100ರಲ್ಲಿ ಕಿರಿದಾದ ನಾಚ್ (ಆ ಒಂದು ಜಾಗವನ್ನಷ್ಟೇ ತೆಗೆಯುವ ಫಿಲ್ಟರ್) ಹಾಕಿ, 200, 300ರಲ್ಲೂ ಇಣುಕಿ. ಸುಮ್ನೆ ಹೈಪಾಸ್ ಹಾಕಿ ಕೆಳಗಿನದೆಲ್ಲ ಕತ್ತರಿಸಬೇಡಿ, ಬಯಲಿನ ಗಾಳಿಯೂ ಅದರ ಜೊತೆ ಹೋಗಿಬಿಡುತ್ತದೆ.

ಜೀರುಂಡೆ:
10:53 ಇತ್ತು! ಪ್ರಾಜೆಕ್ಟನ್ನು 48ಕ್ಕೆ ಬದಲಿಸಿ ಫೈಲನ್ನು ಮತ್ತೆ ಹಾಕಿದೆ. ಹುಳುಗಳು ಚುರುಕಾದವು. ತೂಗಾಟ ಹೋಗಿ ಗರಗರ ಬಂತು, 7.5ರ ಬೀಟ್. ನಾಚ್ ಹಾಕಿದೆ, ಅದೂ ಹೋಯಿತು. ಆದರೆ ಸಪ್ಪೆ. ಕೊನೆಗೆ ನಾಚ್ ಕಿತ್ತು ಟೋನನ್ನು 99.4ಕ್ಕೆ ಏರಿಸಿದೆ. ವೋಂ ವಾಪಸ್! ಒಮ್ಮೆ ಬೇಗ, ಒಮ್ಮೆ ನಿಧಾನ ಆಗುತ್ತದಲ್ಲ, ಅದೇಕೆ?

ಹಳೇ ಟೇಪು:
ಗ್ರಿಡ್ ಸರಿಯಾಗಿ 50ರಲ್ಲೇ ನಿಲ್ಲುವುದಿಲ್ಲ, ಒಂಚೂರು ಆಚೀಚೆ ಜಾರುತ್ತಲೇ ಇರುತ್ತದೆ. ಗುಂಯ್ ಅದರ ಎರಡರಷ್ಟು ಜಾರುತ್ತದೆ. ನಾನಾದರೆ ಮುಟ್ಟುವುದಿಲ್ಲ.